ಶುಕ್ರನೇ ಜಾಸ್ತಿ ಬಿಸಿ, ಗೋಡೆಬರಹ ತಿದ್ದಿ

ಮಾನ್ಯರೇ,

ಬಂಗಾರಪೇಟೆಯಲ್ಲಿ ನಮ್ಮ ಮನೆ ಹತ್ತಿರದ ಶಾಲೆಯೊಂದರ ಕಾಂಪೌಂಡಿಗೆ ಈಚೆಗೆ ಸುಣ್ಣ ಬಣ್ಣ ಮಾಡಿ ಸೌರಮಂಡಲ ಬರೆಸಿದ್ದಾರೆ. ಚಿತ್ರ ಚೆನ್ನಾಗಿದೆ. ಆದರೆ ಬುಧನ ಕೆಳಗೆ ‘ಅತಿ ಬಿಸಿಯಾದ ಗ್ರಹ’ ಎಂದಿದೆ. ನಾಲ್ಕನೇ ಕ್ಲಾಸಿನ ನನ್ನ ಮೊಮ್ಮಗಳು ಅದನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಂಡು ಬಂದಳು.

ಸೂರ್ಯನಿಗೆ ಹತ್ತಿರ ಇದ್ದಾನೆ, ಅಂದಮೇಲೆ ಬಿಸಿ ಅವನೇ ಅಲ್ವಾ ಅಂತ ಬರೆದವರು ಅಂದುಕೊಂಡಿರಬೇಕು. ಆದರೆ ಬುಧನಿಗೆ ಗಾಳಿಯ ಹೊದಿಕೆ ಇಲ್ಲವೆಂದೇ ಹೇಳಬೇಕು. ಹಗಲು 430 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದ ನೆಲ ರಾತ್ರಿ ಸೊನ್ನೆಗಿಂತ 180 ಡಿಗ್ರಿ ಕೆಳಕ್ಕೆ ಇಳಿಯುತ್ತದೆ. ಶುಕ್ರ ಮುಚ್ಚಳ ಹಾಕಿ ಒಲೆ ಮೇಲಿಟ್ಟ ಪಾತ್ರೆ. ಅಲ್ಲಿನ ಗಾಳಿಯಲ್ಲಿ ನೂರಕ್ಕೆ 96 ಪಾಲು ಇಂಗಾಲದ ಡೈಆಕ್ಸೈಡ್. ಒತ್ತಡ ನಮ್ಮದರ ಸುಮಾರು 90 ಪಟ್ಟು. ಒಳಗಿನ ಶಾಖ ಹೊರಗೆ ಹೋಗಲು ಬಿಡುವುದೇ ಇಲ್ಲ. ಹಗಲೂ ರಾತ್ರಿಯೂ ಸುಮಾರು 465 ಡಿಗ್ರಿ, ಸೀಸ ಕರಗಿ ಹರಿಯುವಷ್ಟು. 1982ರಲ್ಲಿ ಸೋವಿಯತ್ ದೇಶದವರು ಇಳಿಸಿದ ವೆನೆರಾ 13 ನೌಕೆ ಅಲ್ಲಿ ತಡೆದುಕೊಂಡಿದ್ದು ಎರಡು ಗಂಟೆ ಚಿಲ್ಲರೆ. ಮಂಗಳನದು ಉಲ್ಟಾ ಕಥೆ. ಗಾಳಿಯ ಒತ್ತಡ ನಮ್ಮದರ ನೂರರಲ್ಲಿ ಒಂದು ಪಾಲೂ ಇಲ್ಲ, ಶಾಖ ನಿಲ್ಲುವುದಿಲ್ಲ.

ಇನ್ನೊಂದು ಮಾತು. ಭೂಮಿಯೂ ಸೇರಿ ಈ ನಾಲ್ಕಕ್ಕೂ ಸುಮ್ನೆ ‘ಕಲ್ಲಿನ ಗ್ರಹಗಳು’ ಎಂದು ಬರೆದು ಬಿಟ್ಟಿದ್ದಾರೆ. ಕೊನೇವರೆಗೂ ಕಲ್ಲೇ ಅಂತ ಮಕ್ಕಳು ತಿಳಿಯುತ್ತಾರೆ. ಕಲ್ಲು ಇರುವುದು ಹೊರಗೆ, ತಿರುಳು ಬಹುಪಾಲು ಕಬ್ಬಿಣ. ಬುಧನಲ್ಲಂತೂ ಮಾವಿನಕಾಯಿಗಿಂತ ಓಟೆ ದೊಡ್ಡದು ಅನ್ನುವ ಹಾಗೆ, ಮೇಲ್ಮೈಯಿಂದ ನಡುಮಧ್ಯದವರೆಗಿನ ದೂರದಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಆ ತಿರುಳೇ.

ಒಳಗಿನ ಬಿಸಿಯನ್ನು ನಮ್ಮ ಕಡೆಯವರಿಗೆ ಪುಸ್ತಕ ನೋಡಿ ಹೇಳಬೇಕಿಲ್ಲ. ನಮ್ಮ ತಂದೆ ಕೆ.ಜಿ.ಎಫ್. ಗಣಿಯಲ್ಲಿದ್ದರು. 3 ಕಿ.ಮೀ. ಆಳಕ್ಕೆ ಹೋದರೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಕೆಲಸ ಮುಗಿಸಿ ಕೇಜಿನಲ್ಲಿ ಮೇಲೆ ಬಂದವರು ಮೊದಲು ಟವಲು ಹಿಂಡುತ್ತಿದ್ದರು. ಭೂಮಿಯ ನಡುಮಧ್ಯ ಇರುವುದು 6,371 ಕಿ.ಮೀ. ಕೆಳಗೆ. ಲೆಕ್ಕ ಹಾಕಿದರೆ ಅಪ್ಪ ಇಳಿದದ್ದು ಈರುಳ್ಳಿಯ ಒಣಸಿಪ್ಪೆಯಷ್ಟೂ ಆಗುವುದಿಲ್ಲ. ಇದನ್ನು ಹೇಳಿದಾಗ ಮೊಮ್ಮಗಳು ಈರುಳ್ಳಿ ತಂದು ಸಿಪ್ಪೆ ಎಳೆದು ನೋಡಿದಳು.

ಶಾಲೆಯವರು ಬುಧನ ಕೆಳಗಿನ ಸಾಲನ್ನು ಅಳಿಸಿ ಪಕ್ಕದ ಶುಕ್ರನ ಕೆಳಗೆ ಬರೆಸಲಿ. ಅರ್ಧ ಲೀಟರ್ ಬಣ್ಣ ಸಾಕು, ಬೇಕಿದ್ದರೆ ನಾನೇ ಕೊಡಿಸುತ್ತೇನೆ.

– ಒಬ್ಬ ಅಜ್ಜ, ಬಂಗಾರಪೇಟೆ, ಕೋಲಾರ ಜಿಲ್ಲೆ