ಸಾಯುವ ತಂಗಿಯ ಪಾತ್ರ

ಬಿಜೈ, ಮಂಗಳೂರು

ಪ್ರೀತಿಯ ಶ್ರುತಿಗೆ,

ನಿನ್ನ ಪತ್ರ ಬಂತು. ಉಳಿದ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿದ್ದಾಳೆ, ಅದನ್ನು ಬಿಡುತ್ತೇನೆ. ಒಂದು ಮಾತು ಮಾತ್ರ ನಿದ್ದೆ ಕೆಡಿಸಿತು. “ದೊಡ್ಡಮ್ಮಾ, ನನ್ನ ಬಣ್ಣ ನೋಡಿ ಸಾಯುವ ತಂಗಿಯ ಪಾತ್ರಕ್ಕೇ ಕರೀತಾರೆ. ಸ್ವಲ್ಪ ಹೊತ್ತು ಕಿರುಚಾಟ, ಆಮೇಲೆ ಹಾರ ಹಾಕಿದ ಫೋಟೋ. ನಾನು ಇಷ್ಟೇ ಆಗಿಬಿಡ್ತೇನಾ?”

ಇದು ಸುಮ್ನೆ ಹುಟ್ಟಿದ ಹೆದರಿಕೆ ಅಲ್ಲ ಮಗಾ. ನಿನ್ನ ಮಾವ ಗಲ್ಫಿನಿಂದ ವಿಸಿಆರ್ ತಂದಾಗ ಮನೆಯಲ್ಲಿ ಇಂಥ ಸಿನಿಮಾಗಳದ್ದೇ ಹಬ್ಬ. ಪೊಲೀಸರಿಂದ ಆಗಲಿಲ್ಲ, ಇನ್ನು ನಾನೇ ನೋಡ್ಕೊಳ್ತೇನೆ ಎಂದು ಬಂದೂಕು ಹಿಡಿಯುವ ಗಂಡಸರ ಕಥೆಗಳು. 1974ರ ‘ಡೆತ್ ವಿಶ್’ನಲ್ಲಿ ಪುಂಡರು ಹೀರೋ ಚಾರ್ಲ್ಸ್ ಬ್ರಾನ್ಸನ್‌ನ ಹೆಂಡತಿಯನ್ನು ಕೊಲ್ಲುತ್ತಾರೆ, ಮಗಳನ್ನು ಕೆಡಿಸುತ್ತಾರೆ. ಮಗಳಿಗೆ ಮಾತೇ ನಿಂತುಹೋಗುತ್ತದೆ. 1982ರ ಎರಡನೇ ಭಾಗದಲ್ಲಿ ಅವಳನ್ನೂ ಸಾಯಿಸಿದರು, ಮನೆಕೆಲಸದವಳನ್ನೂ. ಅಪ್ಪ ಮತ್ತೆ ಬಂದೂಕು ಎತ್ತಬೇಕಿತ್ತಲ್ವಾ! ಅಂಥ ದೃಶ್ಯ ಬಂದಾಗ ನಮ್ಮನೆ ಹೆಂಗಸರು ಒಬ್ಬೊಬ್ಬರೇ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು, ಗಂಜಿ ನೋಡುವ ನೆಪದಲ್ಲಿ. ಫೈಟಿಂಗಿನ ಸದ್ದು ಕೇಳಿದ ಮೇಲೆ ವಾಪಸು.

ಬಣ್ಣದ ಮಾತೂ ಹಾಗೇ. ಹ್ಯಾರಿ ಎಂಬ ಪೊಲೀಸನ ‘ಡರ್ಟಿ ಹ್ಯಾರಿ’ ಸಾಲಿನ ಸಿನಿಮಾಗಳಲ್ಲಿ ಆಲ್ಬರ್ಟ್ ಪಾಪ್‌ವೆಲ್ ಎಂಬ ಕಪ್ಪು ನಟ ಬರುತ್ತಾನೆ. 1971ರಲ್ಲಿ ಬ್ಯಾಂಕ್ ದರೋಡೆಕೋರ. 1973ರಲ್ಲಿ ಹೆಂಗಸರ ದಂಧೆ ಮಾಡುವವ. 1983ಕ್ಕೆ ಕೊನೆಗೂ ಹ್ಯಾರಿಯ ಗೆಳೆಯ, ಪೊಲೀಸ್. ಖುಷಿ ಪಡೋಣ ಅಂದರೆ ಕೊಂದೇ ಬಿಟ್ಟರು. ನಿನ್ನ ಫೋಟೋಗೆ ಹಾಕುವ ಹಾರವೇ ಅವನಿಗೂ.

ಬಣ್ಣ ಹಚ್ಚುವ ಆಸೆ ನನಗೂ ಇತ್ತು. ತುಳು ನಾಟಕದಲ್ಲಿ ಹೆಂಗಸರ ವೇಷವನ್ನೂ ಹೆಚ್ಚಾಗಿ ಗಂಡಸರೇ ಹಾಕುತ್ತಿದ್ದ ಕಾಲ. ಆದರೂ ಒಂದು ತಂಡದವರು ನನ್ನನ್ನು ಕೇಳಿಕೊಂಡು ಮನೆಗೆ ಬಂದಿದ್ದರು. ಅಪ್ಪ ಚಾ ಕೊಟ್ಟು ಕಳಿಸಿಬಿಟ್ಟರು. ನಾನು ಬಾಗಿಲ ಹಿಂದೆಯೇ ಇದ್ದೆ. ಯಾವ ಪಾತ್ರ ಅಂತ ಗೊತ್ತಾಗಲೇ ಇಲ್ಲ, ಈಗಲೂ ಅದೇ ಚುಚ್ಚುತ್ತದೆ. ಸಾಯುವ ಪಾತ್ರವೇ ಇದ್ದಿರಬಹುದು, ಯಾರಿಗೆ ಗೊತ್ತು.

ಎಂತ ಹೇಳ್ತಿದ್ದೆ? ಹಾಂ, ಸಾಯದವರೂ ಇದ್ದರು. 1973ರ ‘ಕಾಫಿ’ಯಲ್ಲಿ ಪ್ಯಾಮ್ ಗ್ರಿಯರ್ ನರ್ಸ್. ತಂಗಿಯನ್ನು ಡ್ರಗ್ಸ್‌ಗೆ ಹಾಕಿದವರನ್ನು ತಾನೇ ಹುಡುಕಿ ಹೊಡೆಯುತ್ತಾಳೆ. ಕಪ್ಪು ಹೆಣ್ಣಿಗೆ ಬಂದೂಕು ಕೊಟ್ಟರು ಸರಿ, ಬಟ್ಟೆ ಬಿಚ್ಚಿಸುವುದನ್ನು ಅಲ್ಲೂ ಬಿಡಲಿಲ್ಲ. ನನಗೆ ಜಾಸ್ತಿ ಹಿಡಿಸಿದ್ದು 1985ರ ತೆಲುಗಿನ ‘ಪ್ರತಿಘಟನ’. ವಿಜಯಶಾಂತಿ ಲೆಕ್ಚರರ್. ರೌಡಿ ನಡುಬೀದಿಯಲ್ಲಿ ಅವಳ ಮಾನ ತೆಗೆಯುತ್ತಾನೆ. ಆಮೇಲೆ ಕ್ಲಾಸಿಗೆ ಹೋದರೆ ಹುಡುಗರು ಬೋರ್ಡಿನ ಮೇಲೆ ಹೊಲಸು ಚಿತ್ರ ಬರೆದಿಟ್ಟಿದ್ದಾರೆ. ಅವಳು ಓಡಿಹೋಗುವುದಿಲ್ಲ, ಅವರೆದುರೇ ನಿಂತು ಹಾಡುತ್ತಾಳೆ. ಕೊನೆಗೆ ಕೊಡಲಿಯೂ ಅವಳ ಕೈಯಲ್ಲೇ.

ಹಾಗಾಗಿ, ನನಗೆ ಗೊತ್ತಿಲ್ಲದ ಕೆಲಸದಲ್ಲಿ ಬಾಯಿ ಹಾಕುತ್ತಿದ್ದೇನೆ ಅನ್ನಬೇಡ, ಒಪ್ಪುವ ಮೊದಲು ಕಥೆ ಪೂರ್ತಿ ಕೇಳು. ತಂಗಿಗೆ ಹೆಸರುಂಟಾ, ಸಾಯುವ ಮೊದಲು ಅವಳದ್ದೇ ಒಂದು ಮಾತುಂಟಾ, ಅಷ್ಟಾದರೂ. ಬಾಡಿಗೆ ಕಟ್ಟಲಿಕ್ಕೆ ಒಪ್ಪಿಕೊಳ್ಳಬೇಕಾಗಿ ಬಂದರೆ ಒಪ್ಪಿಕೋ, ನಾನೇನೂ ಅನ್ನುವುದಿಲ್ಲ. ಆದರೆ ಆ ದೃಶ್ಯದಲ್ಲಿ ಏನೇನು ಮಾಡಿಸುತ್ತಾರೆ ಅಂತ ಮೊದಲೇ ಬರೆಸಿಕೋ. ಶೂಟಿಂಗಿನ ದಿನ ಒಬ್ಬಳೇ ಹೋಗಬೇಡ. ಯಾರೂ ಸಿಗದಿದ್ದರೆ ನನಗೆ ಫೋನ್ ಮಾಡು, ರಾತ್ರಿ ಬಸ್ಸಿಗೆ ಬರುತ್ತೇನೆ.

ನಿನ್ನ
ದೊಡ್ಡಮ್ಮ