ಭಾನುವಾರದ ಸಿನಿಮಾ: ಬರುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಮಡಿಕೇರಿಯಲ್ಲಿ, ಎಂದಿನ ಜಾಗದಲ್ಲೇ, ಶೇನ್ ಮೆಡೋಸ್ ನಿರ್ದೇಶಿಸಿದ ‘ದಿಸ್ ಈಸ್ ಇಂಗ್ಲೆಂಡ್’ (2006) ನೋಡೋಣ.

ಕಥೆ ನಡೆಯುವುದು 1983ರಲ್ಲಿ. ಶಾನ್‌ಗೆ ಹನ್ನೆರಡು ವರ್ಷ. ಅಪ್ಪ ಹಿಂದಿನ ವರ್ಷ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ತೀರಿಕೊಂಡಿದ್ದಾನೆ. ಶಾಲೆಯಲ್ಲಿ ಇವನ ಅಗಲ ಪ್ಯಾಂಟ್ ನೋಡಿ ನಗುತ್ತಾರೆ. ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವವರು ಸ್ಕಿನ್‌ಹೆಡ್ ಹುಡುಗರು, ಅಂದರೆ ತಲೆ ಬೋಳಿಸಿಕೊಂಡು ತಮ್ಮದೇ ಉಡುಪು, ಸಂಗೀತ ಇಟ್ಟುಕೊಂಡ ಗುಂಪು. ತಲೆ ಬೋಳಿಸಿ ಚೆಕ್ಸ್ ಶರ್ಟ್ ಹಾಕಿಸಿದಾಗ ಅವನ ಮುಖ ನೋಡಿ, ಎಷ್ಟು ಹಿಗ್ಗುತ್ತಾನೆ!

ಆಮೇಲೆ ಜೈಲಿನಿಂದ ಗುಂಪಿನ ಹಳೆಯ ಗೆಳೆಯ ಕಾಂಬೊ ಬರುತ್ತಾನೆ. ದೇಶದ ಹೆಸರಲ್ಲಿ ವಲಸೆ ಬಂದವರ ಮೇಲೆ ದ್ವೇಷ ತುಂಬುತ್ತಾನೆ. ಸತ್ತ ಅಪ್ಪನ ಮಾತೆತ್ತಿಯೇ ಹುಡುಗನನ್ನು ಸೆಳೆಯುತ್ತಾನೆ. ನನಗೆ ತೀರಾ ನೋವಾಗಿದ್ದು ಅಲ್ಲೇ. ಸ್ಕಿನ್‌ಹೆಡ್‌ಗಳು ಕುಣಿಯುತ್ತಿದ್ದ ಸ್ಕಾ ಸಂಗೀತ ಜಮೈಕಾದ್ದು, ಗುಂಪಿನ ಮಿಲ್ಕಿಯ ಮನೆಯವರ ಬೇರೂ ಅಲ್ಲಿನದೇ. ಅವನನ್ನೇ ಹೊರಗಿನವನು ಅಂದರೆ ಹೇಗೆ?

ಎಷ್ಟೋ ಮನೆಗಳ ಗೋಡೆ ಮೇಲೆ ಸಮವಸ್ತ್ರದ ಫೋಟೋ ಇರುವ ನಮ್ಮ ಕೊಡಗಿನವರಿಗೆ ಶಾನ್‌ನ ಸಂಕಟ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಸಿನಿಮಾ ಮುಗಿದ ಮೇಲೆ ಕೂತು ಮಾತಾಡೋಣ.

ಹೊಡೆದಾಟ, ಕೆಟ್ಟ ಬೈಗುಳ ಜಾಸ್ತಿ ಇದೆ. ಚಿಕ್ಕ ಮಕ್ಕಳನ್ನು ಕರೆತರಬೇಡಿ. ವಿರಾಜಪೇಟೆ, ಸೋಮವಾರಪೇಟೆ ಕಡೆಯವರು ಶನಿವಾರದೊಳಗೆ ತಿಳಿಸಿದರೆ ಜೀಪ್ ಹೊಂದಿಸುತ್ತೇವೆ.