ಅಂಕಗಳ ಪಟ್ಟಿ ಹಾಗೂ ನಮ್ಮ ಶಾಲೆಯ ಗುಣಮಟ್ಟದ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ,

ಸಪ್ರೇಮ ವಂದನೆಗಳು.

ಮೊದಲ ಸಂಕಲನಾತ್ಮಕ ಮೌಲ್ಯಮಾಪನ (ಅರ್ಧವಾರ್ಷಿಕ ಪರೀಕ್ಷೆ) ಮುಗಿದು, ದಸರಾ ರಜೆ ಕಳೆದು ಶಾಲೆ ಮತ್ತೆ ಆರಂಭವಾದ ವಾರದಲ್ಲೇ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪಟ್ಟಿ ಹರಿದಾಡಿರುವುದನ್ನು ನೀವೆಲ್ಲ ನೋಡಿದ್ದೀರಿ. ನಮ್ಮ ಐದು ಮತ್ತು ಏಳನೆಯ ತರಗತಿಗಳ ಸರಾಸರಿ ಅಂಕಗಳನ್ನು ಒಂದು ಬದಿಗೆ, ಪೇಟೆಯ ಆಂಗ್ಲ ಮಾಧ್ಯಮ ಶಾಲೆಯೊಂದರ ಅಂಕಗಳನ್ನು ಇನ್ನೊಂದು ಬದಿಗೆ ಬರೆದು, ಕೆಳಗೆ ‘ನೀವೇ ನಿರ್ಧರಿಸಿ’ ಎಂದು ಹಾಕಲಾಗಿದೆ. ಇದರ ಬೆನ್ನಿಗೇ ಕೆಲವು ಪೋಷಕರು ಕಚೇರಿಗೆ ಬಂದು, ಇನ್ನು ಮುಂದೆ ಪ್ರತಿ ಪರೀಕ್ಷೆಯ ನಂತರ ಎಲ್ಲ ಮಕ್ಕಳ ಅಂಕಗಳನ್ನು ರ‍್ಯಾಂಕ್ ಸಹಿತ ಸೂಚನಾ ಫಲಕದಲ್ಲಿ ಹಾಕಬೇಕೆಂದು ಲಿಖಿತವಾಗಿ ಕೇಳಿದ್ದಾರೆ. ವಿಷಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಚರ್ಚೆಯಾಗಿ, ಅಂಥ ಪಟ್ಟಿಯನ್ನು ಹಾಕುವುದಿಲ್ಲವೆಂದು ತೀರ್ಮಾನವಾಗಿದೆ. ಕಾರಣವನ್ನು ತಿಳಿಸುವ ಹೊಣೆ ನನ್ನ ಪಾಲಿಗೆ ಬಂದಿರುವುದರಿಂದ ಈ ಪತ್ರ ಎಂದಿಗಿಂತ ಸ್ವಲ್ಪ ಉದ್ದವಾಗಿದೆ.

ಪಟ್ಟಿ ಹಾಕುವುದಿಲ್ಲ ಎಂದರೆ ಅಂಕಗಳನ್ನು ಮುಚ್ಚಿಡುತ್ತೇವೆ ಎಂದು ದಯವಿಟ್ಟು ಭಾವಿಸಬೇಡಿ. ನಿಮ್ಮ ಮಗುವಿನ ಉತ್ತರ ಪತ್ರಿಕೆಗಳು, ನಾಲ್ಕು ರೂಪಣಾತ್ಮಕ (ಪಾಠಗಳ ನಡುವೆಯೇ ನಡೆಸುವ) ಮತ್ತು ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ದಾಖಲೆ, ಮಗುವಿನ ಬರಹ, ಚಿತ್ರಗಳನ್ನು ವರ್ಷವಿಡೀ ಸೇರಿಸುತ್ತ ಹೋಗುವ ಕೃತಿಸಂಪುಟ, ಇವೆಲ್ಲವನ್ನೂ ನೀವು ಕೇಳಿದ ದಿನವೇ ನೋಡಬಹುದು. ನಾವು ಮಾಡಲಾರೆವು ಎನ್ನುತ್ತಿರುವುದು ಇಷ್ಟೇ: ಒಂದು ಮನೆಯ ಮಗುವಿನ ಅಂಕವನ್ನು ಇನ್ನೊಂದು ಮನೆಯವರು ಓದಲೆಂದು ಗೋಡೆಗೆ ಅಂಟಿಸುವುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಕಲಮು ಮಗು ಭಯ, ಆತಂಕಗಳಿಲ್ಲದೆ ಕಲಿಯುವಂತಿರಬೇಕು ಎನ್ನುತ್ತದೆ. 17ನೆಯ ಕಲಮು ಹೊಡೆತದ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಕಾಯ್ದೆಯ ಮಾತನ್ನು ಬದಿಗಿಟ್ಟರೂ, ಹತ್ತು ವರ್ಷದ ಮಗುವೊಂದು ಪಟ್ಟಿಯ ಕೊನೆಯ ಸಾಲಿನಲ್ಲಿ ತನ್ನ ಹೆಸರನ್ನು ಓದಿಕೊಂಡು ಅದೇ ಗೋಡೆಯ ಪಕ್ಕದಲ್ಲಿ ಬಿಸಿಯೂಟಕ್ಕೆ ಸಾಲು ನಿಲ್ಲುವುದು ನಿಮಗೂ ಇಷ್ಟವಾಗಲಾರದು.

ಪಟ್ಟಿ ಕೇಳಿದವರ ಮೇಲೆ ನನಗೆ ಬೇಸರವಿಲ್ಲ. ಬೆಳಗಿನ ಜಾವವೇ ಎದ್ದು ಮೀನು ಬುಟ್ಟಿ ಹೊತ್ತು ಮಾರುಕಟ್ಟೆಗೆ ಹೋಗಿ ಬರುವ ತಾಯಿ, ‘ಅಕ್ಕೋರೇ, ನನ್ನ ಮಗ ನಿಜವಾಗಿ ಏನಾದರೂ ಕಲಿಯುತ್ತಿದ್ದಾನೆಯೇ?’ ಎಂದು ಕೇಳಿದರೆ ಅದು ಆಕೆಯ ಹಕ್ಕು; ಯಾರೂ ಏನೂ ಕೇಳದ ಊರಿನ ಶಾಲೆಗಿಂತ ಪ್ರಶ್ನೆ ಕೇಳುವ ಊರಿನ ಶಾಲೆಯಲ್ಲಿ ಕೆಲಸ ಮಾಡುವುದನ್ನೇ ನಾನು ಬಯಸುತ್ತೇನೆ. ಆದರೆ ಕೇಳಿದ ಪ್ರಶ್ನೆಗೆ ಸರಾಸರಿ ಅಂಕ ಉತ್ತರ ಕೊಡುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ನಮ್ಮಂಥ ಊರಿನ ಶಾಲೆಗಳಲ್ಲಿ ತರಗತಿಗಳು ಚಿಕ್ಕವು. ಎಂಟು ಮಕ್ಕಳಿರುವ ತರಗತಿಯಲ್ಲಿ ಒಂದು ಮಗು ಜ್ವರ ಬಂದ ಕಾರಣಕ್ಕೋ ಮನೆಯಲ್ಲಿ ಮದುವೆ ಇದ್ದ ಕಾರಣಕ್ಕೋ 80 ತೆಗೆಯುವಲ್ಲಿ 20 ತೆಗೆದರೆ, ಇಡೀ ತರಗತಿಯ ಸರಾಸರಿ ಏಳೂವರೆ ಅಂಕ ಕುಸಿಯುತ್ತದೆ. ಉಳಿದ ಏಳು ಮಕ್ಕಳು ಕಲಿತದ್ದರಲ್ಲಿಯಾಗಲಿ, ಶಿಕ್ಷಕರು ಕಲಿಸಿದ್ದರಲ್ಲಿಯಾಗಲಿ ಯಾವ ವ್ಯತ್ಯಾಸವೂ ಆಗಿರುವುದಿಲ್ಲ. ಮುಂದಿನ ಪರೀಕ್ಷೆಗೆ ಆ ಮಗು ಚೇತರಿಸಿಕೊಂಡರೆ ಸರಾಸರಿ ಅಷ್ಟೇ ಏರುತ್ತದೆ. ಆಗ ಶಾಲೆ ಸುಧಾರಿಸಿತು ಎಂದು ನನಗೆ ಶಾಲು ಹೊದಿಸಿದರೂ ಅದು ಅಷ್ಟೇ ಅರ್ಥಹೀನ. ಕಟ್ಟಡ ಕಾಮಗಾರಿಗೆ ಬಯಲುಸೀಮೆಯಿಂದ ಬಂದ ಕುಟುಂಬಗಳ ಮಕ್ಕಳು ವರ್ಷದ ನಡುವೆ ಬಂದರೂ ನಾವು ಅವರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳುತ್ತೇವೆ, ಸೇರಿಸಿಕೊಳ್ಳಲೇಬೇಕು. ಮೂರು ಊರು ಸುತ್ತಿ ಬಂದ ಆ ಮಗು ಐದನೆಯ ತರಗತಿಯ ಬೆಂಚಿನಲ್ಲಿ ಕುಳಿತ ದಿನದಿಂದಲೇ ನಮ್ಮ ಸರಾಸರಿಯ ಲೆಕ್ಕಕ್ಕೆ ಬರುತ್ತದೆ. ಅದನ್ನು ಸೇರಿಸಿಕೊಂಡದ್ದು ಶಾಲೆಯ ಗುಣವೋ ದೋಷವೋ ಎಂಬುದನ್ನು ಆ ಪಟ್ಟಿ ಹೇಳುವುದಿಲ್ಲ.

ಖಾಸಗಿ ಶಾಲೆಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಅಲ್ಲಿಯೂ ಕಷ್ಟಪಟ್ಟು ಕಲಿಸುವ ಶಿಕ್ಷಕರಿದ್ದಾರೆ, ಅವರ ಸಂಬಳ ನಮ್ಮದಕ್ಕಿಂತ ಬಹಳ ಕಡಿಮೆ. ಆದರೆ ಶುಲ್ಕ ಎಂಬುದು ತಾನಾಗಿಯೇ ಒಂದು ಜರಡಿ. ವ್ಯಾನಿನ ಬಾಡಿಗೆ ಕಟ್ಟಬಲ್ಲ, ಸಂಜೆ ಮಗುವಿನ ಪಕ್ಕದಲ್ಲಿ ಕುಳಿತು ಓದಿಸಬಲ್ಲ ಮನೆಗಳ ಮಕ್ಕಳು ಹೆಚ್ಚಾಗಿ ಒಂದು ಕಡೆ ಸೇರಿದಾಗ, ಅಲ್ಲಿನ ಅಂಕದಲ್ಲಿ ಶಾಲೆಯ ಪಾಲು ಎಷ್ಟು, ಮನೆಯ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಇದನ್ನು ಬೇರ್ಪಡಿಸಿ ನೋಡಲೆಂದೇ ಆಂಧ್ರಪ್ರದೇಶದ ಐದು ಜಿಲ್ಲೆಗಳ 180 ಹಳ್ಳಿಗಳಲ್ಲಿ 2008ರಿಂದ ನಾಲ್ಕು ವರ್ಷ ಒಂದು ಅಧ್ಯಯನ ನಡೆಯಿತು. ಸರಕಾರಿ ಶಾಲೆಯ ಮಕ್ಕಳಲ್ಲಿ ಅರ್ಜಿ ಹಾಕಿದವರ ನಡುವೆ ಲಾಟರಿ ಎತ್ತಿ, ಗೆದ್ದವರನ್ನು ಖರ್ಚು ಕೊಟ್ಟು ಖಾಸಗಿ ಶಾಲೆಗೆ ಕಳುಹಿಸಿದರು. ನಾಲ್ಕು ವರ್ಷಗಳ ನಂತರ ತೆಲುಗು ಮತ್ತು ಗಣಿತದಲ್ಲಿ ಎರಡೂ ಗುಂಪಿನ ಮಕ್ಕಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಹಿಂದಿಯಲ್ಲಿ ಮಾತ್ರ ಖಾಸಗಿ ಶಾಲೆಗೆ ಹೋದವರು ಸ್ಪಷ್ಟವಾಗಿ ಮುಂದಿದ್ದರು. ಅದೇ ಅಧ್ಯಯನದಲ್ಲಿ ಖಾಸಗಿ ಶಾಲೆಗಳು ಒಂದು ಮಗುವಿಗೆ ಮಾಡುತ್ತಿದ್ದ ಖರ್ಚು ಸರಕಾರಿ ಶಾಲೆಗಳ ಖರ್ಚಿನ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಎಂದೂ ಕಂಡುಬಂದಿತ್ತು. ನನಗೆ ಅನುಕೂಲವಾದ ಭಾಗವನ್ನಷ್ಟೇ ಹೇಳಿ ಇದನ್ನು ಬಿಟ್ಟರೆ ನ್ಯಾಯವಾಗುವುದಿಲ್ಲ.

ಇನ್ನು ‘ಒಂದನೆಯ ತರಗತಿ ಅರ್ಧ ಮುಗಿದರೂ ಮಗುವಿಗೆ ಅ ಆ ಇ ಈ ಬರುವುದಿಲ್ಲ’ ಎಂಬ ದೂರು. ಇದನ್ನು ಪ್ರತಿ ವರ್ಷವೂ ಕೇಳುತ್ತೇನೆ, ಹೆಚ್ಚಾಗಿ ಅಜ್ಜ ಅಜ್ಜಿಯರಿಂದ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾಗಿ ನಂತರ ರಾಜ್ಯವಿಡೀ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಮಗು ವರ್ಣಮಾಲೆಯ ಕ್ರಮದಲ್ಲಿ ಅಕ್ಷರ ಕಲಿಯುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಈ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಮಗು ತಾನೇ ಓದುತ್ತದೆ, ಬರೆಯುತ್ತದೆ. ವರ್ಣಮಾಲೆಯನ್ನು ಪದ್ಯದಂತೆ ಒಪ್ಪಿಸುವ ಮಗುವಿಗೆ ಬಸ್ಸಿನ ಬೋರ್ಡು ಓದಲು ಬಾರದಿರುವುದನ್ನು ನೀವೂ ನೋಡಿರಬಹುದು. ಆದ್ದರಿಂದ ನಲಿ-ಕಲಿ ಮಗುವಿಗೆ ‘ಅ ಆ ಹೇಳು’ ಎನ್ನುವ ಬದಲು ಗೋಡೆಯ ಕಲಿಕಾ ಏಣಿಯಲ್ಲಿ (ಕಲಿಕೆಯ ಹಂತಗಳನ್ನು ಮೆಟ್ಟಿಲುಗಳಂತೆ ತೋರಿಸುವ ಪಟದಲ್ಲಿ) ಅದು ಯಾವ ಮೈಲಿಗಲ್ಲಿನಲ್ಲಿದೆ ಎಂದು ಕೇಳಿ. ಮಗುವೇ ಬೆರಳಿಟ್ಟು ತೋರಿಸುತ್ತದೆ.

ಭಾಷೆಯ ವಿಷಯದಲ್ಲಿಯೂ ಒಂದು ಮಾತು ಹೇಳಬೇಕು, ಏಕೆಂದರೆ ನಮ್ಮ ಮಕ್ಕಳಲ್ಲಿ ಬಹುಪಾಲು ಮನೆಯಲ್ಲಿ ಆಡುವುದು ಕೊಂಕಣಿ. ಈ ಸಲದ ಐದನೆಯ ತರಗತಿಯ ಗಣಿತ ಪತ್ರಿಕೆಯಲ್ಲಿ, 8 ನೋಟ್‌ಪುಸ್ತಕಗಳ ಬೆಲೆ 100 ರೂಪಾಯಿ ಆದರೆ 250 ರೂಪಾಯಿಗೆ ಎಷ್ಟು ಪುಸ್ತಕಗಳನ್ನು ಕೊಳ್ಳಬಹುದು ಎಂಬ ಲೆಕ್ಕವಿತ್ತು. ಒಬ್ಬ ಹುಡುಗ ಆ ಜಾಗವನ್ನು ಖಾಲಿ ಬಿಟ್ಟಿದ್ದ. ಉತ್ತರ ಪತ್ರಿಕೆ ಹಿಂದಿರುಗಿಸುವಾಗ ಅವನ ಶಿಕ್ಷಕಿ ಅದೇ ಲೆಕ್ಕವನ್ನು ಕೊಂಕಣಿಯಲ್ಲಿ, ನೋಟ್‌ಪುಸ್ತಕದ ಬದಲು ಬಂಗಡೆ ಮೀನು ಇಟ್ಟು ಕೇಳಿದರು. ‘ವೀಸ’ (ಇಪ್ಪತ್ತು) ಎಂದು ಕೂಡಲೇ ಹೇಳಿದವನು, ಗುರುತಿನವರಾದರೆ ಮೇಲೆ ಎರಡು ಹಾಕಬೇಕು ಎಂದೂ ಸೇರಿಸಿದ. ಪಟ್ಟಿಯಲ್ಲಿ ಈ ಹುಡುಗನಿಗೆ ಅನುಪಾತದ ಲೆಕ್ಕದಲ್ಲಿ ಸೊನ್ನೆ. ಪರೀಕ್ಷೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕಾಗದದ ಮೇಲಿನ ಕನ್ನಡವನ್ನು ಓದಿ ತಿಳಿದುಕೊಳ್ಳುವುದನ್ನೂ ಅವನು ಕಲಿಯಲೇಬೇಕು, ಹೈಸ್ಕೂಲಿನಲ್ಲಿ ಯಾರೂ ಅವನಿಗೆ ಬಂಗಡೆಯ ಲೆಕ್ಕ ಕೊಡುವುದಿಲ್ಲ. ಆದರೆ ಅವನಿಗೆ ಬಾರದಿರುವುದು ಲೆಕ್ಕವಲ್ಲ, ವಾಕ್ಯ ಎಂದು ಕಂಡುಕೊಂಡ ಮೇಲೆ ಪರಿಹಾರ ಬೋಧನೆಯ ದಾರಿಯೇ ಬದಲಾಗುತ್ತದೆ. ಈಗ ಅವನು ತನ್ನ ಲೆಕ್ಕಗಳನ್ನು ತಾನೇ ಕನ್ನಡದಲ್ಲಿ ಬರೆದು ಬಿಡಿಸುತ್ತಿದ್ದಾನೆ. ಅವನ ಜೂನ್ ತಿಂಗಳ ಪುಟವನ್ನೂ ಈಗಿನ ಪುಟವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಶಾಲೆ ಏನು ಮಾಡಿದೆ, ಏನು ಮಾಡಿಲ್ಲ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಶಾಲೆಯನ್ನು ಅಳೆಯಬೇಡಿ ಎಂದು ನಾನು ಕೇಳುತ್ತಿಲ್ಲ. ಅಳೆಯಿರಿ, ಗಟ್ಟಿಯಾಗಿಯೇ ಅಳೆಯಿರಿ. 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯವರು ಹಳ್ಳಿಯ ಮನೆಗಳಿಗೇ ಹೋಗಿ ಮಗುವಿಗೆ ಎರಡನೆಯ ತರಗತಿಯ ಮಟ್ಟದ ಒಂದು ಸಣ್ಣ ಪಾಠ ಓದಲು ಕೊಡುತ್ತಾರೆ, ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಮತ್ತು ಒಂದು ಭಾಗಾಕಾರ ಮಾಡಿಸುತ್ತಾರೆ. ಐದನೆಯ ತರಗತಿಯ ಅನೇಕ ಮಕ್ಕಳಿಗೆ, ಸರಕಾರಿ ಮತ್ತು ಖಾಸಗಿ ಎರಡೂ ಕಡೆಯವರಿಗೆ, ಅದು ಆಗುತ್ತಿಲ್ಲವೆಂದು ಅವರ ವರದಿಗಳು ಮತ್ತೆ ಮತ್ತೆ ಹೇಳಿವೆ. ಆ ಪರೀಕ್ಷೆಯನ್ನು ನೀವೂ ಮನೆಯಲ್ಲಿ ಮಾಡಬಹುದು. ಮಗು ತಡವರಿಸಿದರೆ ಬೈಯದೆ ಮರುದಿನ ನಮಗೆ ತಿಳಿಸಿ. ಶಾಲೆಗೆ ಬಂದಾಗ ನೋಟ್‌ಪುಸ್ತಕ ತೆರೆದು, ಶಿಕ್ಷಕರು ಬರೀ ರೈಟ್ ಗುರುತು ಹಾಕಿದ್ದಾರೆಯೇ, ತಪ್ಪಿದ್ದಲ್ಲಿ ಏನಾದರೂ ಬರೆದು ಮಗುವಿನಿಂದ ತಿದ್ದಿಸಿದ್ದಾರೆಯೇ ನೋಡಿ. ಗ್ರಂಥಾಲಯದ ಪುಸ್ತಕಗಳ ಅಂಚು ಸವೆದಿದೆಯೇ ನೋಡಿ, ಹೊಸದರಂತೆ ಹೊಳೆಯುತ್ತಿದ್ದರೆ ಪ್ರಶ್ನೆ ಕೇಳಿ. ಶೌಚಾಲಯದ ಬಾಗಿಲು ತೆರೆದು ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ತರಗತಿಯ ಅತ್ಯಂತ ನಿಧಾನದ ಮಗು ಎಲ್ಲಿ ಕುಳಿತಿದೆ, ಶಿಕ್ಷಕರು ಅದರ ಬಳಿ ಎಷ್ಟು ಸಲ ಹೋಗುತ್ತಾರೆ ಎಂಬುದನ್ನು ಗಮನಿಸಿ. ಜಾಣ ಮಗು ಯಾವ ಶಾಲೆಯಲ್ಲಿದ್ದರೂ ಒಂದಿಷ್ಟು ಕಲಿಯುತ್ತದೆ. ಶಾಲೆಯ ಯೋಗ್ಯತೆ ಗೊತ್ತಾಗುವುದು ಹಿಂದಿನ ಬೆಂಚಿನಲ್ಲಿ ಎಂಬುದು ನನ್ನ ಅಭಿಪ್ರಾಯ.

ಇಲಾಖೆಯ ‘ಶಾಲಾ ಸಿದ್ಧಿ’ ಚೌಕಟ್ಟಿನಲ್ಲಿ ಏಳು ಕ್ಷೇತ್ರಗಳು, 46 ಮಾನದಂಡಗಳಿವೆ. ನಮ್ಮನ್ನು ನಾವೇ ಅಳೆದುಕೊಂಡ ಆ ವರದಿ ಕಚೇರಿಯಲ್ಲಿದೆ, ಓದಬಹುದು. ನಮ್ಮಲ್ಲಿ ಎಲ್ಲವೂ ಸರಿಯಾಗಿದೆ ಎಂದು ಅದು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಗಣಿತ-ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿ ಇದ್ದು ಅತಿಥಿ ಶಿಕ್ಷಕರಿಂದ ನಡೆಸುತ್ತಿದ್ದೇವೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರದ ಕೆಲಸಕ್ಕೆ ಶಿಕ್ಷಕರನ್ನು ಕರೆಯಲು ಕಾಯ್ದೆಯಲ್ಲೇ ಅವಕಾಶವಿರುವುದರಿಂದ ಆ ದಿನಗಳಲ್ಲಿ ತರಗತಿಗಳನ್ನು ಒಟ್ಟುಗೂಡಿಸುವುದು ಅನಿವಾರ್ಯ. ಇಂಗ್ಲಿಷನ್ನು 2007ರಿಂದಲೇ ಒಂದನೆಯ ತರಗತಿಯಿಂದ ಒಂದು ವಿಷಯವಾಗಿ ಕಲಿಸಲಾಗುತ್ತಿದೆ; ಆಂಗ್ಲ ಮಾಧ್ಯಮ ವಿಭಾಗ ಬೇಕೆಂಬ ಬೇಡಿಕೆಯನ್ನು ಎಸ್‌ಡಿಎಂಸಿ ಠರಾವಿನೊಂದಿಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿದ್ದೇವೆ, ಅದು ನನ್ನ ಕೈಯಲ್ಲಿಲ್ಲ. ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳು ಘೋಷಿಸಿದ ರಜೆಗಳನ್ನು ಶನಿವಾರ ಮಧ್ಯಾಹ್ನದ ತರಗತಿಗಳಿಂದ ತುಂಬುತ್ತಿದ್ದೇವೆ. ಆ ಮಧ್ಯಾಹ್ನಗಳಲ್ಲಿ ಹಾಜರಿ ಅರ್ಧಕ್ಕಿಳಿಯುವುದು ಮಾತ್ರ ಶಾಲೆಯ ತಪ್ಪಲ್ಲ ಎಂದು ವಿನಯದಿಂದ ನೆನಪಿಸುತ್ತೇನೆ.

ಮತ್ತೊಮ್ಮೆ ಹೇಳುವುದಾದರೆ, ಪಟ್ಟಿ ಬೇಕೆಂದವರ ಕಾಳಜಿ ನಿಜವಾದದ್ದು. ಪಟ್ಟಿಯನ್ನು ಮಾತ್ರ ಹಾಕಲಾಗದು. ತರಗತಿಯಲ್ಲಿ ತಮ್ಮ ಮಗು ಎಷ್ಟನೆಯದು ಎಂದು ತಿಳಿಯದಿದ್ದರೆ ನಿದ್ದೆ ಬಾರದು ಎನ್ನುವವರು ಪ್ರತ್ಯೇಕವಾಗಿ ಬಂದರೆ, ಮಗು ಕಳೆದ ಸಲಕ್ಕಿಂತ ಎಲ್ಲಿ ಮುಂದೆ ಬಂದಿದೆ, ಎಲ್ಲಿ ಹಿಂದುಳಿದಿದೆ ಎಂದು ತರಗತಿ ಶಿಕ್ಷಕರು ಪತ್ರಿಕೆ ಮುಂದಿಟ್ಟು ವಿವರಿಸುತ್ತಾರೆ. ಪಕ್ಕದ ಮನೆಯ ಮಗುವಿನ ಅಂಕವನ್ನು ಹೇಳುವುದಿಲ್ಲ. ಎಸ್‌ಡಿಎಂಸಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ನಿಮ್ಮಂಥ ಪೋಷಕರೇ ಆಗಿರುವುದರಿಂದ ಇದು ನಾನೊಬ್ಬಳೇ ಹೊರಡಿಸಿದ ಆಜ್ಞೆಯಲ್ಲ ಎಂಬುದೂ ನಿಮ್ಮ ಗಮನದಲ್ಲಿರಲಿ. ಮಳೆಗೆ ಮೊದಲು ಹಂಚು ಸರಿಪಡಿಸಿಕೊಟ್ಟವರು, ಕೈತೋಟಕ್ಕೆ ಬೇಲಿ ಕಟ್ಟಿದವರು ನೀವೇ. ಆ ಉಪಕಾರವನ್ನು ಶಾಲೆ ಮರೆತಿಲ್ಲ. ಅಷ್ಟೇ ಸ್ಪಷ್ಟವಾಗಿ, ಯಾವುದೇ ಮಗುವಿನ ಹೆಸರು ಹೇಳಿ ಗುಂಪಿನಲ್ಲಿ ಧ್ವನಿ ಸಂದೇಶ ಹಾಕುವುದನ್ನು ಮತ್ತು ಶಿಕ್ಷಕರಿಗೆ ರಾತ್ರಿ ಹೊತ್ತಿನಲ್ಲಿ ಕರೆ ಮಾಡಿ ಅಂಕದ ಬಗ್ಗೆ ವಾದಿಸುವುದನ್ನು ನಿಲ್ಲಿಸಬೇಕು.

ಈ ತಿಂಗಳು ನಿಮಗೆ ಬಿಡುವಾದ ಯಾವುದಾದರೂ ಒಂದು ದಿನ ಬಂದು, ನಿಮ್ಮ ಮಗುವಿನ ತರಗತಿಯಲ್ಲಿ ಒಂದು ಪೂರ್ತಿ ಅವಧಿ ಕುಳಿತು ಹೋಗಿ.

ಮೊದಲೇ ತಿಳಿಸಬೇಕಾಗಿಲ್ಲ, ತಿಳಿಸದೆ ಬಂದರೆ ಇನ್ನೂ ಒಳ್ಳೆಯದು. ಬಿಸಿಯೂಟವನ್ನು ಇಲ್ಲಿಯೇ ರುಚಿ ನೋಡುವವರು ಮಾತ್ರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಅಡುಗೆಯವರಿಗೆ ಹೇಳಿದರೆ ಅಕ್ಕಿ ಅಳೆಯಲು ಅವರಿಗೆ ಅನುಕೂಲವಾಗುತ್ತದೆ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರಕಾರಿ ಹಿರಿಯ ಪ್ರಾಥಮಿಕ ಶಾಲೆ
ಕಾರವಾರ ತಾಲೂಕು, ಉತ್ತರ ಕನ್ನಡ